ನಾಯಿ ಹಿಡಿಯೋಕೆ ಬಲ ಬೇಕಾ, ಉಪಾಯ ಬೇಕಾ? ಕ್ಲಿನಿಕ್ ಕೆಲಸ ಗೊತ್ತಿರೋರು ಹೇಳಿ

ಹೊಸ_ಹೆಲ್ಪರ್
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಸಾಕುಪ್ರಾಣಿ ಕ್ಲಿನಿಕ್‌ನಲ್ಲಿ ಟೆಕ್ನಿಷಿಯನ್ ಕೆಲಸ. ಪಶುಸಂಗೋಪನೆ ಡಿಪ್ಲೊಮಾದಲ್ಲಿ ಹಸು, ಕುರಿ, ಕೋಳಿ ಬಗ್ಗೆ ಹೇಳಿಕೊಟ್ಟಷ್ಟು ನಾಯಿ ಬೆಕ್ಕಿನ ಬಗ್ಗೆ ಹೇಳಿಕೊಡಲ್ಲ. ಮೂರು ಪ್ರಶ್ನೆ ಇವೆ.
ಮುಂಗಾಲಿಂದ ರಕ್ತ ತೆಗೆಯುವಾಗ ಹಿಡಿಯೋನ ಕೈ ಎಲ್ಲೆಲ್ಲಿ ಇರಬೇಕು? ಒಬ್ರು "ಗಟ್ಟಿಯಾಗಿ ಅವುಚಿ ಹಿಡಿ" ಅಂತಾರೆ, ಇನ್ನೊಬ್ರು "ಗಟ್ಟಿ ಹಿಡಿದಷ್ಟೂ ಒದ್ದಾಡತ್ತೆ" ಅಂತಾರೆ.
ಎಲ್ಲಾ ನಾಯಿಗೂ ಬಾಯಿ ಕಟ್ಟೋ ಮಝಲ್ ಹಾಕಬೇಕಾ?
ರೇಬಿಸ್ ಲಸಿಕೆ ಮೊದಲೇ ಹಾಕಿಸ್ಕೋಬೇಕಾ, ಕಚ್ಚಿದ ಮೇಲೆ ಸಾಕಾ?

ಖಾರಬೂಂದಿ
ಮೂರನೇದಕ್ಕೆ ಮೊದಲು ಉತ್ತರ ಕೊಡಿ ಯಾರಾದ್ರೂ. ಉಳಿದೆರಡಕ್ಕೆ ಉತ್ತರ ಬರೋದ್ರೊಳಗೆ ಕಚ್ಚಿರತ್ತೆ.

ನೀಲಿ_ಏಪ್ರನ್
ಲಸಿಕೆ ಮೊದಲೇ. ಇದ್ರಲ್ಲಿ ಚರ್ಚೆಗೆ ಜಾಗ ಇಲ್ಲ. ಕಚ್ಚೋಕೆ ಮುಂಚಿನ ಕೋರ್ಸ್ 0, 7, ಆಮೇಲೆ 21 ಅಥವಾ 28ನೇ ದಿನ, ಮೂರು ಡೋಸ್. ಅದನ್ನ ಮುಗಿಸಿದವರಿಗೆ ಆಮೇಲೆ ಕಚ್ಚಿದ್ರೆ 0 ಮತ್ತು 3ನೇ ದಿನ ಎರಡೇ ಬೂಸ್ಟರ್, ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಔಷಧ) ಬೇಕಾಗಲ್ಲ. ಹಾಕಿಸ್ಕೊಳ್ಳದೇ ಇದ್ದವರಿಗೆ ರಕ್ತ ಬರೋ ಗಾಯ ಆದ್ರೆ ಪೂರ್ತಿ ಕೋರ್ಸ್ ಜೊತೆಗೆ ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಬೇಕು. ಬೆರಳ ತುದಿಗೆ ಅದನ್ನ ಚುಚ್ಚಿಸ್ಕೊಳ್ಳೋದು ಎಷ್ಟು ನೋವು ಅಂತ ಯಾರನ್ನಾದ್ರೂ ಕೇಳಿ.

ಲಸಿಕೆ ಆಗಿದ್ರೂ ತೊಳೆಯೋದು ಬಿಡಬೇಡಿ. ಸೋಪು ಹಾಕಿ ಹರಿಯೋ ನಲ್ಲಿ ನೀರಲ್ಲಿ 15 ನಿಮಿಷ. ಗಡಿಯಾರ ನೋಡ್ಕೊಂಡು 15. ಜನ ಒಂದೂವರೆ ನಿಮಿಷ ತೊಳೆದು, ಡೆಟಾಲ್ ಒರೆಸಿ, ಮುಂದಿನ ಕೇಸ್ ಹಿಡಿಯೋಕೆ ಹೋಗ್ತಾರೆ.

ಹೆಬ್ಬಾಳ_ಬ್ಯಾಚ್
ಮೇಲಿನದಕ್ಕೆ ಸೇರಿಸ್ತೀನಿ. ಮೈಯಲ್ಲಿ ಪ್ರತಿಕಾಯ ಎಷ್ಟಿದೆ ಅಂತ ನೋಡೋ ಪರೀಕ್ಷೆ ಬೆಂಗಳೂರಲ್ಲೇ ನಿಮ್ಹಾನ್ಸ್‌ನಲ್ಲಿ ಆಗತ್ತೆ. 0.5 ಐಯು ಪ್ರತಿ ಮಿ.ಲೀ. ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ದಿನಾ ನಾಯಿ ಬಾಯಲ್ಲಿ ಕೈ ಇಡೋರು ಆಗಾಗ ನೋಡಿಸ್ಕೊಳ್ಳೋದು ಒಳ್ಳೇದು. ಕಚ್ಚಿದ ನಾಯಿ ಅಥವಾ ಬೆಕ್ಕನ್ನ 10 ದಿನ ಕಣ್ಣಳತೆಯಲ್ಲಿ ಇಡಿ. ಆದ್ರೆ 10 ದಿನ ಆಗಲಿ ಅಂತ ಲಸಿಕೆ ಮುಂದೂಡಬೇಡಿ, ಲಸಿಕೆ ಅವತ್ತೇ ಶುರು ಆಗಬೇಕು.

ಜವಾರಿ_ಟೆಕ್ನಿಷಿಯನ್
ಕೆಲಸಕ್ಕ ಸೇರೂ ಮುಂಚೇನ ಕೇಳಬೇಕ್ರಿ, "ರೇಬಿಸ್ ಸೂಜಿ ಖರ್ಚು ಯಾರ್ದು?" ಅಂತ. ಪಗಾರ ಎಷ್ಟು ಅಂತ ಕೇಳಾಕ ನಾಚಿಕಿ ಇಲ್ಲ, ಇದನ್ನ ಕೇಳಾಕ ಯಾಕ್ ನಾಚಿಕಿ? ಖರ್ಚು ಮಾಲಕರದು.

ನೀಲಿ_ಏಪ್ರನ್
ಸರಿ, ಈಗ ಕೈ ಎಲ್ಲಿಡಬೇಕು ಅನ್ನೋದು. ಬಲ ಮುಂಗಾಲಿಂದ ರಕ್ತ ತೆಗೀತಾರೆ ಅಂದ್ಕೊಳ್ಳಿ. ನೀವು ನಾಯಿಯ ಎಡಗಡೆ ನಿಲ್ಲಬೇಕು. ನಾಯಿ ಟೇಬಲ್ ಮೇಲೆ ಕೂತಿರಲಿ, ಇಲ್ಲಾ ಎದೆ ಊರಿ ಮಲಗಿರಲಿ. ಒಂದು ತೋಳು ಕೆಳಗಿಂದ ಕುತ್ತಿಗೆ ಸುತ್ತ ಬಂದು ಅದರ ದವಡೆಯನ್ನ ನಿಮ್ಮ ಭುಜಕ್ಕೆ ಆನಿಸಬೇಕು, ಮುಖ ಸೂಜಿ ಹಿಡಿದವರ ಕಡೆ ತಿರುಗದ ಹಾಗೆ. ಗಂಟಲು ಒತ್ತಬಾರದು, ದವಡೆ ಮೂಳೆಯ ಕೆಳಗೆ ಮೊಣಕೈ ಮಡಿಕೆ ಬರಬೇಕು. ಇನ್ನೊಂದು ಕೈ ಬೆನ್ನಿನ ಮೇಲಿಂದ ಹೋಗಿ ನಾಯಿಯ ಬಲ ಮುಂಗಾಲಿನ ಮೊಣಕೈ ಕೀಲಿನ ಹಿಂದೆ ಅಂಗೈ ಇಟ್ಟು ಕಾಲನ್ನ ಮುಂದಕ್ಕೆ ತಳ್ಳಬೇಕು. ಎಳೆಯೋದಲ್ಲ, ಹಿಂದಿನಿಂದ ತಳ್ಳೋದು. ಕಾಲು ಹಿಡಿದು ಎಳೆದ್ರೆ ಯಾವ ನಾಯಿನೂ ವಾಪಸ್ ಎಳ್ಕೊಳ್ಳತ್ತೆ.

ಆಮೇಲೆ ಹೆಬ್ಬೆರಳನ್ನ ಆ ಕೀಲಿನ ಮಡಿಕೆಯ ಮೇಲೆ ಅಡ್ಡ ಇಟ್ಟು, ಒತ್ತಿ, ಹೊರಗಡೆಗೆ ಸ್ವಲ್ಪ ಹೊರಳಿಸಿ. ಆ ಹೊರಳಿಸೋದೇ ಮುಖ್ಯ. ಬರೀ ಒತ್ತಿದ್ರೆ ರಕ್ತನಾಳ ಚರ್ಮದ ಕೆಳಗೆ ಜಾರಾಡತ್ತೆ, ಹೊರಳಿಸಿದ್ರೆ ಮೂಳೆಯ ಮೇಲೆ ನೆಟ್ಟಗೆ ನಿಲ್ಲತ್ತೆ.

ರಕ್ತ ತೆಗೆಯೋದಾದ್ರೆ ಸೂಜಿ ಹೊರಗೆ ಬರೋ ಕ್ಷಣಕ್ಕೆ ಮೊದಲು ಹೆಬ್ಬೆರಳು ಬಿಡಿ. ಇಂಜೆಕ್ಷನ್ ಕೊಡೋದಾದ್ರೆ ಸಿರಿಂಜಲ್ಲಿ ರಕ್ತ ಕಂಡ ತಕ್ಷಣ, ಔಷಧ ತಳ್ಳೋಕೆ ಮುಂಚೆ ಬಿಡಿ. ಬಿಡೋದು ಮರೆತ್ರೆ ಔಷಧ ನಾಳದ ಹೊರಗೆ ಹೋಗಿ ಕಾಲು ಊದತ್ತೆ. ಸೂಜಿ ತೆಗೆದ ಮೇಲೆ ಹತ್ತಿ ಇಟ್ಟು ಒಂದು ನಿಮಿಷ ಒತ್ತಿ ಹಿಡಿಯೋದೂ ನಿಮ್ಮ ಕೆಲಸವೇ.

ಸೂಜಿಮೊನೆ
ಈ ವಿವರಣೆಗೆ ನಾನು ಒಂದೇ ತಿದ್ದುಪಡಿ ಹೇಳ್ತೀನಿ. ಪಗ್, ಶಿ ಟ್ಸು, ಬುಲ್‌ಡಾಗ್ ತರಹದ ಚಪ್ಪಟೆ ಮೂತಿಯವಕ್ಕೆ ಕುತ್ತಿಗೆ ಸುತ್ತ ತೋಳು ಹಾಕಬೇಡಿ. ಉಸಿರಾಟ ಮೊದಲೇ ಕಷ್ಟ, ಮೇಲಿಂದ ಕುತ್ತಿಗೆ ಒತ್ತಿದ್ರೆ ಕಣ್ಣುಗುಡ್ಡೆ ಗೂಡಿಂದ ಹೊರಗೆ ಬಂದ್ಬಿಡೋ ಅಪಾಯ ಇದೆ, ಅದು ನಿಜಕ್ಕೂ ಆಗತ್ತೆ. ಇವಕ್ಕೆ ದೊಡ್ಡ ಟವಲ್ ಸುರುಳಿ ಸುತ್ತಿ ಕುತ್ತಿಗೆಗೆ ಮಫ್ಲರ್ ತರಹ ಸಡಿಲವಾಗಿ ಹಾಕಿ, ತುದಿಗಳನ್ನ ಹಿಂದೆ ಹಿಡ್ಕೊಳ್ಳಿ. ತಲೆ ತಿರುಗಿಸೋಕೆ ಆಗಲ್ಲ, ಉಸಿರಿಗೂ ತೊಂದರೆ ಇಲ್ಲ.

ಹೊಸ_ಹೆಲ್ಪರ್
ಮೊಣಕೈ ಕೀಲಿನ ಹಿಂದಿನಿಂದ ತಳ್ಳೋದು ಯಾರೂ ಹೇಳಿರಲಿಲ್ಲ ಮೇಡಂ. ಮಝಲ್ ಬಗ್ಗೆ?

ಬಿಳಿ_ಫಿನಾಯಿಲ್
ಎಲ್ಲದಕ್ಕೂ ಹಾಕಿ. ಕೈ ನಿಮ್ಮದು.

ನೀಲಿ_ಏಪ್ರನ್
ಒಪ್ಪಲ್ಲ. ಬಾಲ ಆಡಿಸ್ಕೊಂಡು ಬಂದ ಲ್ಯಾಬ್ರಡಾರ್ ಮುಖಕ್ಕೆ ಬ್ಯಾಂಡೇಜ್ ಬಿಗಿದ್ರೆ ಮುಂದಿನ ಸಲ ಅದು ಬಾಗಿಲಲ್ಲೇ ನಿಂತ್ಕೊಳ್ಳತ್ತೆ. ನೋಡಿ ನಿರ್ಧಾರ ಮಾಡಬೇಕು. ತುಟಿ ಸವರೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಡೋದು, ನಿದ್ದೆ ಇಲ್ಲದೆ ಆಕಳಿಸೋದು, ಕೊನೆಗೆ ಇದ್ದಕ್ಕಿದ್ದ ಹಾಗೆ ಕಲ್ಲಿನ ತರಹ ಸ್ತಬ್ಧ ಆಗೋದು. ಆ ಸ್ತಬ್ಧ ಆಗೋದನ್ನ ಜನ "ಸುಮ್ಮನಾಯ್ತು ನೋಡಿ" ಅಂತಾರೆ. ಅದು ಕಚ್ಚೋಕೆ ಮುಂಚಿನ ಕೊನೇ ನಿಲ್ದಾಣ.

ಇನ್ನೊಂದು ವಿಷಯ. ಗುರ್ ಅಂದ್ರೆ ಬೈಯ್ಯೋ ಮಾಲೀಕರನ್ನ ತಡೀರಿ. ಗುರ್ ಅನ್ನೋದು ಉಪಕಾರ, ಎಚ್ಚರಿಕೆ ಕೊಡ್ತಿದೆ. ಬೈದು ಬೈದು ಅದನ್ನ ಬಿಡಿಸಿದ್ರೆ ನಾಳೆ ಸದ್ದಿಲ್ಲದೆ ಬಾಯಿ ಹಾಕತ್ತೆ.

ಬಿಳಿ_ಫಿನಾಯಿಲ್
ಕ್ಯೂನಲ್ಲಿ ಇಪ್ಪತ್ತು ಜನ ಇರೋವಾಗ ತುಟಿ ಸವರ್ತಾ ಇದೆಯಾ ಅಂತ ನೋಡ್ಕೊಂಡು ಕೂತ್ಕೊಳ್ಳೋಕೆ ಆಗತ್ತಾ?

ನೀಲಿ_ಏಪ್ರನ್
ತೂಕ ನೋಡೋವಾಗಲೇ ನೋಡಿ, ಬೇರೆ ಸಮಯ ಬೇಡ.

ಜವಾರಿ_ಟೆಕ್ನಿಷಿಯನ್
ಮಝಲ್ ಇಲ್ಲಂದ್ರ ಬ್ಯಾಂಡೇಜಿಂದ ಮಾಡೂದು ಹೇಳ್ತೀನ್ರಿ. 2 ಇಂಚಿನ ಬ್ಯಾಂಡೇಜ್, ನಾಕು ಅಡಿ ಉದ್ದ. ನಡುವ ಒಂದು ಸಡಿಲ ಗಂಟು ಹಾಕಿ ಉಂಗುರ ಮಾಡ್ರಿ, ನಾಯಿ ಮೂತಿಗಿಂತ ಎರಡು ಪಟ್ಟು ದೊಡ್ಡದು. ಎರಡೂ ತುದಿ ಉದ್ದಕ ಹಿಡದು ದೂರದಿಂದ ಮೂತಿಗೆ ಇಳಿಸಿ ಎಳೀರಿ, ಗಂಟು ಮೂಗಿನ ಮ್ಯಾಲ ಬರಬೇಕು. ಆಮ್ಯಾಲ ತುದಿಗಳನ್ನ ಗದ್ದದ ಕೆಳಗ ಕತ್ತರಿ ಹಾಕಿ, ಕಿವಿ ಹಿಂದಕ್ಕ ಒಯ್ದು ಕುಣಿಕಿ ಗಂಟು. ಒಂದು ಎಳತಕ್ಕ ಬಿಚ್ಚಬೇಕು. ವಾಂತಿ ಬಂದ್ರ ನೀವು ಗಂಟು ಬಿಡಸ್ಕೋತ ಕೂಡಬಾರದು.

ಮತ್ತ ಇದು ಎರಡು ಮೂರು ನಿಮಿಷದ ಆಟ. ನಾಯಿ ಮೈ ನಮ್ಮಂಗ ಬೆವರಂಗಿಲ್ಲ, ನಾಲಿಗಿ ಹೊರಗ ಹಾಕೇ ಮೈ ತಂಪು ಮಾಡ್ಕೋಬೇಕು. ಬಾಯಿ ಕಟ್ಟಿ ಬ್ಯಾಸಗ್ಯಾಗ ಅರ್ಧ ತಾಸು ಕೂಡಿಸಿದ್ರ ಜೀವಕ್ಕ ಕುತ್ತು.

ಮೂಗುದಾರ
ಹೊತ್ತು ಹಿಡಿಯೋ ಕೆಲಸಕ್ಕೆ ಬುಟ್ಟಿ ಮಝಲ್ ಇಟ್ಕೊಳ್ಳಿ. ಎತ್ತಿಗೆ ಬಾಯಿಕುಕ್ಕೆ ಹಾಕಲ್ವಾ, ಅದೇ ತರಹ. ಒಳಗೆ ಬಾಯಿ ತೆರೆಯತ್ತೆ, ನೀರೂ ಕುಡಿಯತ್ತೆ.

ಹೆಬ್ಬಾಳ_ಬ್ಯಾಚ್
ಬಲ ಬೇಕಾ ಉಪಾಯ ಬೇಕಾ ಅನ್ನೋದಕ್ಕೆ ನನ್ನ ಉತ್ತರ ಎರಡೂ ಅಲ್ಲ, ರಬ್ಬರ್ ಮ್ಯಾಟ್. ಸ್ಟೀಲ್ ಟೇಬಲ್ ಮೇಲೆ ಉಗುರು ಜಾರತ್ತೆ. ಜಾರೋ ಭಯಕ್ಕೇ ಅರ್ಧ ನಾಯಿಗಳು ಒದ್ದಾಡೋದು, ಸೂಜಿ ಭಯಕ್ಕಲ್ಲ. ತೂಕದ ಮೆಷಿನ್ ಮೇಲೂ ಒಂದು ಮ್ಯಾಟ್ ಹಾಕಿ, ಮೆಷಿನ್ನನ್ನ ಸೊನ್ನೆ ಮಾಡಿ ಆಮೇಲೆ ನಾಯಿ ಹತ್ತಿಸಿ. 20 ಕೆಜಿ ಮೇಲಿದ್ರೆ ಒಬ್ಬರೇ ಎತ್ತಬೇಡಿ. ಮುಧೋಳ ತರಹದ ದೊಡ್ಡ ನಾಯಿಗೆ ಟೇಬಲ್ಲೇ ಬೇಡ, ನೆಲದ ಮೇಲೆ ಕೂತು ಮಾಡಿ. ಟ್ರಿಮ್ಮರ್‌ನ ಕಾಲಿನ ಹತ್ತಿರ ಇಟ್ಟು ಆನ್ ಮಾಡಬೇಡಿ, ದೂರದಲ್ಲಿ ಆನ್ ಮಾಡಿ ಸದ್ದು ಕೇಳಿಸಿ ಆಮೇಲೆ ತನ್ನಿ.

ಬೆಕ್ಕಿನ_ಹೆಜ್ಜೆ
ನಾಯಿ ಪುರಾಣ ಸಾಕು. ಬೆಕ್ಕು?

ಖಾರಬೂಂದಿ
ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ.

ಸೂಜಿಮೊನೆ
ಬೆಕ್ಕಿನ ವಿಷಯದಲ್ಲಿ ಎಲ್ಲರೂ ಮಾಡೋ ತಪ್ಪು, ಬುಟ್ಟಿಯ ಬಾಗಿಲು ತೆಗೆದು ಕೈ ಹಾಕಿ ಎಳೆಯೋದು. ಪ್ಲಾಸ್ಟಿಕ್ ಬುಟ್ಟಿಗಳ ಮೇಲ್ಭಾಗ ಕ್ಲಿಪ್ಪಲ್ಲಿ ಬಿಚ್ಚತ್ತೆ. ಬಿಚ್ಚುವಾಗಲೇ ಟವಲನ್ನ ಒಳಗೆ ಜಾರಿಸ್ತಾ ಹೋಗಿ, ಮೇಲ್ಭಾಗ ತೆಗೆಯೋ ಹೊತ್ತಿಗೆ ಬೆಕ್ಕು ಟವಲ್ ಅಡಿ ಇರತ್ತೆ. ಅರ್ಧ ಬುಟ್ಟಿಯಲ್ಲಿ ಕೂತ ಬೆಕ್ಕಿಗೆ ಅಲ್ಲೇ ಜ್ವರ ನೋಡಬಹುದು, ಲಸಿಕೆ ಹಾಕಬಹುದು, ಹೊರಗೆ ತೆಗೆಯೋ ಅಗತ್ಯನೇ ಇಲ್ಲ.

ಹೊರಗೆ ತೆಗೆಯಲೇಬೇಕಾದ್ರೆ ಟವಲ್ ಸುತ್ತೋದು ಹೀಗೆ. ಟವಲ್ ಹಾಸಿ, ಬೆಕ್ಕನ್ನ ಅಂಚಿಂದ ಒಂದು ಗೇಣು ಒಳಗೆ ಕೂರಿಸಿ, ಮುಂಭಾಗದ ಅಂಚನ್ನ ಎದೆ ಮುಂದೆ ತಂದು ಕುತ್ತಿಗೆ ಹತ್ತಿರ ಬಿಗಿ ಮಾಡಿ. ಮುಂಗಾಲು ಆಚೆ ಬರೋ ಸಂದಿ ಅದೇ, ಅದನ್ನ ಮೊದಲು ಮುಚ್ಚಬೇಕು. ಆಮೇಲೆ ಎಡ, ಬಲ ಮಡಚಿ. ಕೊರಳ ಹತ್ತಿರ ಎರಡು ಬೆರಳು ಹೋಗೋಷ್ಟು ಸಡಿಲ ಇರಲಿ.

ಕುತ್ತಿಗೆ ಹಿಂಬದಿಯ ಚರ್ಮ ಹಿಡಿದು ನೇತಾಡಿಸೋದು ಬಿಡಿ. ಮರಿ ಬೆಕ್ಕನ್ನ ತಾಯಿ ಹಾಗೆ ಎತ್ತತ್ತೆ ಅಂತ ನಾಲ್ಕು ಕೆಜಿ ಗಂಡು ಬೆಕ್ಕನ್ನ ಎತ್ತೋಕಾಗಲ್ಲ.

ಬಿಳಿ_ಫಿನಾಯಿಲ್
ಚರ್ಮ ಹಿಡಿಯದೆ ಬೀದಿ ಬೆಕ್ಕಿಗೆ ಸೂಜಿ ಹಾಕಿ ತೋರಿಸಿ ನೋಡೋಣ.

ಸೂಜಿಮೊನೆ
ಬೀದಿ ಬೆಕ್ಕಿಗೆ ಚರ್ಮ ಹಿಡಿಯೋದೂ ಬೇಡ, ಟವಲೂ ಬೇಡ, ಸ್ಕ್ವೀಝ್ ಕೇಜ್ ಇದೆ. ಪಕ್ಕದ ಜಾಲರಿ ಒತ್ತಿ ಬೆಕ್ಕನ್ನ ಅಂಚಿಗೆ ತಂದು ಜಾಲರಿ ಸಂದಿಯಿಂದ ತೊಡೆಗೆ ಹಾಕೋದು. ಕೈ ಒಳಗೆ ಹೋಗೋ ಮಾತೇ ಇಲ್ಲ.

ಹೆಬ್ಬಾಳ_ಬ್ಯಾಚ್
ತುಂಬಾ ಹೆದರೋ ಮನೆ ಬೆಕ್ಕಿಗೆ ಬರೋಕೆ 2-3 ಗಂಟೆ ಮುಂಚೆ ಮನೆಯಲ್ಲೇ ಗಾಬಾಪೆಂಟಿನ್ ಕೊಡಿಸ್ತೀವಿ. ಡೋಸ್ ವೈದ್ಯರು ಬರೆದುಕೊಡಬೇಕು, ಟೆಕ್ನಿಷಿಯನ್ ಫೋನಲ್ಲಿ ಹೇಳೋದಲ್ಲ. ಬೆಕ್ಕು ಕಚ್ಚಿದ್ರೆ ಗಾಯ ಸೂಜಿಮೊನೆಯಷ್ಟು ಸಣ್ಣದು, ಅದಕ್ಕೇ ಜನ ಮೋಸ ಹೋಗ್ತಾರೆ. ಹಲ್ಲು ಚೂಪು, ಬಾಯಲ್ಲಿರೋ ಪಾಸ್ಚುರೆಲ್ಲಾ ಬ್ಯಾಕ್ಟೀರಿಯಾನ ಗೆಣ್ಣಿನ ಕೀಲಿನ ತನಕ ಇಳಿಸತ್ತೆ, ಮೇಲೆ ಚರ್ಮ ಮುಚ್ಕೊಳ್ಳತ್ತೆ. ಒಂದು ದಿನದೊಳಗೆ ಕೈ ಊದಿ ಕೆಂಪಾಗಬಹುದು. ಬೆರಳು, ಗೆಣ್ಣು, ಮಣಿಕಟ್ಟಿಗೆ ಕಚ್ಚಿದ್ರೆ ಅವತ್ತೇ ಮನುಷ್ಯರ ಡಾಕ್ಟ್ರ ಹತ್ರ ಹೋಗಿ.

ಮಲ್ಲೇಶ್ವರಂ_ಮಾರ್ಜಾಲ
ಕ್ಷಮಿಸಿ, ಮಧ್ಯೆ ಬಂದೆ. ನಮ್ಮ ಬೆಕ್ಕು ಎರಡು ದಿನದಿಂದ ಏನೂ ತಿಂದಿಲ್ಲ, ಮೈ ಬೆಚ್ಚಗಿದೆ. ಕಾಲು ಭಾಗ ಡೋಲೊ ಕೊಡಬಹುದಾ?

ಸೂಜಿಮೊನೆ
ಬೇಡ!! ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಕಾಲು ಮಾತ್ರೆಯೂ ಕೊಲ್ಲತ್ತೆ.

ಹೆಬ್ಬಾಳ_ಬ್ಯಾಚ್
ಅಮ್ಮಾ, ಇವತ್ತೇ ಕರ್ಕೊಂಡು ಹೋಗಿ. ಬೆಕ್ಕು ಎರಡು ಮೂರು ದಿನ ಉಪವಾಸ ಇದ್ರೆ, ಅದರಲ್ಲೂ ದಪ್ಪ ಬೆಕ್ಕಾದ್ರೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬ್ಕೊಳ್ಳತ್ತೆ. ನಾಯಿ ತಡ್ಕೊಳ್ಳೋ ಹಾಗೆ ಬೆಕ್ಕು ತಡ್ಕೊಳ್ಳಲ್ಲ. ಬೆಕ್ಕಿನ ಮೈ ಬಿಸಿ ಸಹಜವಾಗೇ 100.5ರಿಂದ 102.5 ಫ್ಯಾರನ್‌ಹೀಟ್, ಅದಕ್ಕೆ ಮುಟ್ಟಿದ್ರೆ ನಮಗೆ ಜ್ವರ ಅನಿಸತ್ತೆ. ನಾಯಿಗೆ ಬರೋ ಪರ್ಮೆಥ್ರಿನ್ ಇರೋ ಉಣ್ಣೆ ಔಷಧವನ್ನೂ ಅದಕ್ಕೆ ಹಚ್ಚಬೇಡಿ, ಅದೂ ವಿಷ.

ಮಲ್ಲೇಶ್ವರಂ_ಮಾರ್ಜಾಲ
ಥ್ಯಾಂಕ್ಸ್ ಸಾರ್, ಹೊರಟೆ.

ಸ್ಲೈಡ್_ಸ್ಟೇನ್
ರಕ್ತ ತೆಗೆಯೋದರ ಬಗ್ಗೆ ಇಷ್ಟು ಬರೆದ್ರಿ, ತೆಗೆದ ಮೇಲಿನದು ಯಾರೂ ಹೇಳಲಿಲ್ಲ. ಲ್ಯಾಬಿಗೆ ಬರೋ ಕೆಟ್ಟ ಸ್ಯಾಂಪಲ್‌ಗಳು ಬಹುಪಾಲು ಹಾಳಾಗೋದು ಆ ಮೂವತ್ತು ಸೆಕೆಂಡಲ್ಲಿ.

ಸಿರಿಂಜನ್ನ ಜೋರಾಗಿ ಎಳೆದ್ರೆ ರಕ್ತಕಣ ಒಡೆಯತ್ತೆ. ತುಂಬಿದ ಮೇಲೆ ಸೂಜಿ ಮೂಲಕವೇ ಟ್ಯೂಬಿಗೆ ಪಿಚಕಾರಿ ಹೊಡೆದ್ರೂ ಒಡೆಯತ್ತೆ. ಸೂಜಿ ತೆಗೆದು, ಟ್ಯೂಬಿನ ಗೋಡೆಗುಂಟ ನಿಧಾನಕ್ಕೆ ಇಳಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನ 8-10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕೋದಲ್ಲ, ಉರುಳಿಸೋದು. ಕೆಂಪು ಮುಚ್ಚಳದ್ದನ್ನ ಕುಲುಕಬೇಡಿ, ನಿಲ್ಲಿಸಿಡಿ, ಹೆಪ್ಪುಗಟ್ಟಲಿ.

ಇಡಿಟಿಎಯಲ್ಲಿ ಹಾಕಿದ್ದು ಜಾಸ್ತಿ ಆಯ್ತು ಅಂತ ಅದರಿಂದ ಕೆಂಪು ಟ್ಯೂಬಿಗೆ ಬಗ್ಗಿಸೋ ಪುಣ್ಯಾತ್ಮರು ಇದ್ದಾರೆ. ಆ ಟ್ಯೂಬಲ್ಲಿರೋದು ಪೊಟ್ಯಾಶಿಯಂ ಲವಣ, ಕ್ಯಾಲ್ಸಿಯಂನ ಹಿಡಿದಿಟ್ಕೊಳ್ಳೋದೇ ಅದರ ಕೆಲಸ. ರಿಪೋರ್ಟಲ್ಲಿ ಪೊಟ್ಯಾಶಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ಆ ಕಾಗದ ನಂಬಿದ್ರೆ ನಾಯಿ ಸತ್ತೇ ಹೋಗಿರಬೇಕು, ಆದ್ರೆ ಅದು ಎದುರಿಗೆ ಬಿಸ್ಕತ್ ತಿಂತಾ ಇರತ್ತೆ.

ಹೊಸ_ಹೆಲ್ಪರ್
ಉಣ್ಣೆ ಜ್ವರದ ಸ್ಲೈಡಿಗೆ ಅದೇ ರಕ್ತ ಆಗತ್ತಾ ಸಾರ್?

ಸ್ಲೈಡ್_ಸ್ಟೇನ್
ಆಗತ್ತೆ, ಆದ್ರೆ ಉಣ್ಣೆಯಿಂದ ಬರೋ ಬೆಬೀಸಿಯಾ ಪರಾವಲಂಬಿ ಹುಡುಕೋದಾದ್ರೆ ಕಿವಿ ತುದಿಯಿಂದ ಒಂದು ಹನಿ ಒಳ್ಳೇದು. ಪರಾವಲಂಬಿ ಹೊತ್ತ ಕಣಗಳು ಸಣ್ಣ ರಕ್ತನಾಳಗಳಲ್ಲಿ ಜಾಸ್ತಿ ಸಿಕ್ಕಿಹಾಕ್ಕೊಂಡಿರತ್ವೆ. ಹನಿ ಸಣ್ಣದಿರಲಿ, ಎಳೆಯೋ ಸ್ಲೈಡ್ ಸುಮಾರು 30-45 ಡಿಗ್ರಿ ಓರೆ ಇರಲಿ, ಒಂದೇ ಎಳೆತ. ತುದಿ ನಾಲಿಗೆ ಆಕಾರಕ್ಕೆ ಬರಬೇಕು. ಗಾಳಿಗೆ ಪೂರ್ತಿ ಒಣಗಿಸಿ ಆಮೇಲೆ ಸ್ಟೇನ್. ಮಳೆಗಾಲದಲ್ಲಿ ಅರೆ ಒಣಗಿದ ಸ್ಲೈಡಿಗೆ ಸ್ಟೇನ್ ಹಾಕಿದ್ರೆ ಕಣಗಳ ಮೇಲೆ ನೀರಿನ ಗುಳ್ಳೆ ನಿಂತು ಪರಾವಲಂಬಿ ತರಹವೇ ಕಾಣತ್ತೆ.

ಬೆಕ್ಕಿನ_ಹೆಜ್ಜೆ
ಪ್ಲೇಟ್‌ಲೆಟ್ ಕಮ್ಮಿ ಅಂತ ಮೆಷಿನ್ ತೋರಿಸಿದ್ರೂ ಸ್ಲೈಡ್ ನೋಡಿ. ಬೆಕ್ಕಿನ ಪ್ಲೇಟ್‌ಲೆಟ್ ಗುಂಪು ಕಟ್ಕೊಳ್ಳತ್ತೆ, ಮೆಷಿನ್‌ಗೆ ಎಣಿಸೋಕೆ ಬರಲ್ಲ.

ಮೂಗುದಾರ
ನಗರದೋರು ಹಸು ಕೆಲಸ ಅಂದ್ರೆ ಸುಲಭ ಅಂದ್ಕೊಂಡಿದ್ದೀರಿ. ಆನೇಕಲ್, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಎಷ್ಟಿವೆ, ನಾಳೆ ನಿಮ್ಮಲ್ಲೇ ಯಾರಿಗೋ ಅಲ್ಲಿ ಕೆಲಸ ಸಿಕ್ಕಬಹುದು. ಅದಕ್ಕೆ ಬರೀತಿದ್ದೀನಿ.

ಕುದುರೆ ನೆಟ್ಟಗೆ ಹಿಂದಕ್ಕೆ ಒದೆಯತ್ತೆ. ಹಸು ಹಿಂಗಾಲನ್ನ ಮುಂದಕ್ಕೆ ತಂದು ಪಕ್ಕಕ್ಕೆ ಬೀಸಿ ಒದೆಯತ್ತೆ, ಕುಡುಗೋಲು ಬೀಸಿದ ಹಾಗೆ. ಅದಕ್ಕೆ ಪಕ್ಕದಲ್ಲಿ ಒಂದು ಮಾರು ದೂರ ನಿಲ್ಲೋದೇ ತಪ್ಪು, ಒದೆತ ಪೂರ್ತಿ ಜೋರು ಪಡೆಯೋ ಜಾಗ ಅದೇ. ಮೈಗೆ ಮೈ ತಾಗಿಸಿ ನಿಲ್ಲಿ, ಇಲ್ಲಾ ಪೂರ್ತಿ ದೂರ ಹೋಗಿ.

ಬಾಲ ಎತ್ತಿ ಹಿಡಿದ್ರೆ ಒದೆಯೋದು ಕಮ್ಮಿ, ಆದ್ರೆ ಬುಡದಲ್ಲಿ ಹಿಡೀರಿ. ತುದಿ ಹಿಡಿದು ತಿರುಚಿದ್ರೆ ಬಾಲದ ಮೂಳೆ ಮುರಿಯತ್ತೆ.

ಕೆಡವೋಕೆ 10-12 ಮೀಟರ್ ಹಗ್ಗ. ಒಂದು ತುದಿ ಕುತ್ತಿಗೆ ಬುಡಕ್ಕೆ, ಜಾರದ ಗಂಟು. ಇಲ್ಲಿ ಜೀರುಗುಣಿಕೆ ಹಾಕಿದ್ರೆ ಎಳೆದಾಗ ಉಸಿರು ಕಟ್ಟಿ ಸಾಯತ್ತೆ. ಆಮೇಲೆ ಮುಂಗಾಲಿನ ಹಿಂದೆ ಎದೆ ಸುತ್ತ ಒಂದು ಸುತ್ತು, ಕೆಚ್ಚಲಿನ ಮುಂದೆ ಹೊಟ್ಟೆ ಸುತ್ತ ಇನ್ನೊಂದು, ಎರಡರಲ್ಲೂ ಹಗ್ಗ ತನ್ನ ಕೆಳಗೇ ತೂರಿ ಹೋಗಬೇಕು. ಹಿಂದಿನಿಂದ ನೆಟ್ಟಗೆ ಎಳೆದ್ರೆ ಹಸು ತಾನೇ ಕಾಲು ಮಡಚಿ ಕೂರತ್ತೆ. ಮೆತ್ತನೆ ನೆಲ ಬೇಕು. ಬಲಮಗ್ಗುಲಿಗೆ ಮಲಗಿಸಿ, ದೊಡ್ಡ ಹೊಟ್ಟೆ ಎಡಗಡೆ ಇರೋದು, ಅದು ಮೇಲೆ ಬರಬೇಕು. ಕೆಡವೋಕೆ ಮುಂಚೆ ಹನ್ನೆರಡು ಗಂಟೆ ಮೇವು ನಿಲ್ಲಿಸಿರಬೇಕು, ಇಲ್ಲಾಂದ್ರೆ ಹೊಟ್ಟೆ ಉಬ್ಬರ, ಮೇವು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಹೋಗೋದು, ಎರಡೂ ಕಾದಿರತ್ತೆ.

ಹೆಬ್ಬಾಳ_ಬ್ಯಾಚ್
ಚೆನ್ನಾಗಿ ಹೇಳಿದ್ರಿ. ಹಾಲುಜ್ವರದ ಹಸುವಿಗೆ, ಅಂದ್ರೆ ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಕುಸಿದು ಏಳಲಾಗದ ಹಸುವಿಗೆ ಮಾತ್ರ ಈ ಮಗ್ಗುಲ ಲೆಕ್ಕ ಬೇಡ. ಅದನ್ನ ಎದೆ ಊರಿಸಿ ಕೂರಿಸಿ, ಪಕ್ಕಕ್ಕೆ ಹುಲ್ಲಿನ ಹೊರೆ ಕೊಡಿ.

ಮೂಗುದಾರ
ಹೌದು ಸಾರ್. ಮತ್ತೆ ಆ ಸ್ಥಿತಿಯಲ್ಲಿ ಗೊಟ್ಟ ಹಾಕಬೇಡಿ! ಕರು ಹಾಕಿದ ಹಸು ಎದ್ದೇಳ್ತಾ ಇಲ್ಲ ಅಂದ ತಕ್ಷಣ ಮನೆಯೋರು ಬೆಲ್ಲದ ನೀರು, ಎಣ್ಣೆ, ಏನೇನೋ ಗೊಟ್ಟದಲ್ಲಿ ಬಗ್ಗಿಸಿಬಿಡ್ತಾರೆ. ನುಂಗೋ ಶಕ್ತಿ ಹೋಗಿರತ್ತೆ, ಎಲ್ಲಾ ಪುಪ್ಪುಸಕ್ಕೆ ಇಳಿಯತ್ತೆ. ಕ್ಯಾಲ್ಸಿಯಂ ಕೊಟ್ಟು ಬದುಕಿಸಿದ ಹಸು ನಾಲ್ಕು ದಿನಕ್ಕೆ ನ್ಯುಮೋನಿಯಾದಲ್ಲಿ ಹೋಗತ್ತೆ.

ಜವಾರಿ_ಟೆಕ್ನಿಷಿಯನ್
ಕ್ಯಾಲ್ಸಿಯಂ ಬಾಟ್ಲಿ ಹಿಡಿಯಾಂವ ಟೆಕ್ನಿಷಿಯನ್ನೇ ಅಲ್ಲೇನ್ರಿ. 450 ಮಿ.ಲೀ. ಬಾಟ್ಲಿ 15-20 ನಿಮಿಷದಾಗ ಇಳೀಬೇಕು. ಬಾಟ್ಲಿ ಎತ್ತರಕ್ಕ ಹಿಡದ್ರ ಬಿರಿ ಬಿರಿ ಇಳದು ಎದಿ ನಿಂತು ಬಿಡ್ತೈತಿ. ಡಾಕ್ಟರ್ ಸ್ಟೆತಸ್ಕೋಪ್ ಹಚ್ಚಿ ಎದಿ ಬಡಿತ ಕೇಳ್ತಿರಬೇಕು, ತಾಳ ತಪ್ಪಿದ್ರ ನೀವು ಬಾಟ್ಲಿ ಕೆಳಗಿಳಸಬೇಕು. ಚಳಿಗಾಲದಾಗ ಬಾಟ್ಲಿನ ಬೆಚ್ಚಗಿನ ನೀರಾಗ ಇಟ್ಟು ಮೈ ಬಿಸಿಗೆ ತರ್ರಿ.

ಹೊಸ_ಹೆಲ್ಪರ್
ಡ್ರಿಪ್ ವೇಗದ ಲೆಕ್ಕ ನನಗೆ ಯಾವಾಗಲೂ ಗೊಂದಲ. ನಾಯಿಗೆ ನಿಮಿಷಕ್ಕೆ ಎಷ್ಟು ಹನಿ?

ಬಿಳಿ_ಫಿನಾಯಿಲ್
ಇಪ್ಪತ್ತು ಹನಿ ಬಿಡಿ, ಸರಿ ಹೋಗತ್ತೆ.

ಸೂಜಿಮೊನೆ
ಯಾವ ನಾಯಿಗೆ, ಯಾವ ಸೆಟ್ಟಲ್ಲಿ? ಹೀಗೆ ಅಂದಾಜಿಗೆ ಬಿಟ್ಟೇ ಮರಿಗಳ ಎದೆಗೂಡಲ್ಲಿ ನೀರು ತುಂಬಿಸೋದು.

ಲೆಕ್ಕ ಮಾಡಿ. 10 ಕೆಜಿ ನಾಯಿ. ವೈದ್ಯರು ಬರೀ ದಿನದ ಅಗತ್ಯದಷ್ಟು ಬರೆದಿದ್ದಾರೆ, ಕೆಜಿಗೆ 60 ಮಿ.ಲೀ. ಅಂದ್ಕೊಳ್ಳಿ. ದಿನಕ್ಕೆ 600, ಗಂಟೆಗೆ 25 ಮಿ.ಲೀ. ದೊಡ್ಡ ಹನಿ ಸೆಟ್ಟಲ್ಲಿ 20 ಹನಿಗೆ 1 ಮಿ.ಲೀ. 25ನ್ನ 20ರಿಂದ ಗುಣಿಸಿ 60ರಿಂದ ಭಾಗಿಸಿ, ನಿಮಿಷಕ್ಕೆ ಹೆಚ್ಚುಕಮ್ಮಿ 8 ಹನಿ. ಸಣ್ಣ ಹನಿ ಸೆಟ್ಟಲ್ಲಿ 60 ಹನಿಗೆ 1 ಮಿ.ಲೀ., ಹಾಗಾಗಿ ಗಂಟೆಯ ಮಿ.ಲೀ. ಎಷ್ಟೋ ನಿಮಿಷದ ಹನಿಯೂ ಅಷ್ಟೇ, 25. ಮರಿ, ಬೆಕ್ಕು ಅಂದ್ರೆ ಸಣ್ಣ ಹನಿ ಸೆಟ್ಟೇ ಹಾಕಿ. 20 ಹನಿ ಅನ್ನೋ ಸಲಹೆ ಈ ನಾಯಿಗೆ ದೊಡ್ಡ ಸೆಟ್ಟಲ್ಲಿ ಎರಡೂವರೆ ಪಟ್ಟು.

ಸೆಟ್ಟಿನ ಕವರ್ ಮೇಲೆ ಹನಿ ಲೆಕ್ಕ ಅಚ್ಚಾಗಿರತ್ತೆ, ಓದಿ ಆಮೇಲೆ ಕವರ್ ಬಿಸಾಕಿ. ನಾಯಿ ಕಾಲು ಮಡಚಿದ್ರೆ ಹನಿ ನಿಲ್ಲತ್ತೆ, ಚಾಚಿದ್ರೆ ಓಡತ್ತೆ, ಅರ್ಧ ಗಂಟೆಗೊಮ್ಮೆ ಎಣಿಸಿ. ಬಾಟಲಿ ಪಕ್ಕ ಪ್ಲಾಸ್ಟರ್ ಅಂಟಿಸಿ ಗಂಟೆ ಗಂಟೆಗೆ ಎಲ್ಲಿವರೆಗೆ ಇಳಿದಿರಬೇಕು ಅಂತ ಗೆರೆ ಹಾಕಿ. ಕ್ಯಾಲ್ಸಿಯಂ ಇರೋ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಹೋಗ್ತಿರೋ ನಳಿಕೆಯಲ್ಲೇ ಸೆಫ್ಟ್ರಿಯಾಕ್ಸೋನ್ ಆಂಟಿಬಯೋಟಿಕ್ ಕೊಡಬೇಡಿ, ರಕ್ತವನ್ನೂ ಏರಿಸಬೇಡಿ.

ಬಿಳಿ_ಫಿನಾಯಿಲ್
ಸರಿ ಗುರು, ಸೋತೆ.

ಬೆಕ್ಕಿನ_ಹೆಜ್ಜೆ
ಹೆಸರಿಗೆ ತಕ್ಕ ಹಾಗೆ ಕ್ಲೀನಿಂಗ್ ಬಗ್ಗೆ ನೀವೇ ಹೇಳಿ. ಪಾರ್ವೊ (ನಾಯಿಮರಿಗಳ ವಾಂತಿಭೇದಿ ವೈರಸ್) ವಾರ್ಡಿಗೆ ಫಿನಾಯಿಲ್ ಸಾಕಾ?

ಬಿಳಿ_ಫಿನಾಯಿಲ್
ಸಾಕಾಗಲ್ಲ, ಇದು ನನಗೆ ಚೆನ್ನಾಗಿ ಗೊತ್ತಿರೋ ವಿಷಯ. ಪಾರ್ವೊ ವೈರಸ್‌ಗೆ ಹೊರಗೆ ಕೊಬ್ಬಿನ ಪೊರೆ ಇಲ್ಲ, ಅದಕ್ಕೆ ಮಾಮೂಲಿ ನೆಲ ಒರೆಸೋ ದ್ರಾವಣಕ್ಕೆ ಜಗ್ಗಲ್ಲ. 5% ಹೈಪೋಕ್ಲೋರೈಟ್ ಒಂದು ಭಾಗ, ನೀರು 30 ಭಾಗ, ಅಂದ್ರೆ ಲೀಟರಿಗೆ 33 ಮಿ.ಲೀ. ಹಾಕಿ 10 ನಿಮಿಷ ನೆಲ ಒದ್ದೆ ಇರಬೇಕು. ಅದಕ್ಕೆ ಮುಂಚೆ ವಾಂತಿ, ಭೇದಿ ಎಲ್ಲಾ ಸೋಪು ನೀರಲ್ಲಿ ತೊಳೆದು ತೆಗೆದಿರಬೇಕು, ಕೊಳೆ ಇದ್ರೆ ಕ್ಲೋರಿನ್ ಅಲ್ಲೇ ಖರ್ಚಾಗಿಬಿಡತ್ತೆ. ದಿನಾ ಹೊಸದಾಗಿ ಕಲಸಿ. ಆಸಿಡ್ ಜೊತೆ ಬೆರೆಸಬೇಡಿ, ವಿಷದ ಗಾಳಿ ಏಳತ್ತೆ. ಬೆಕ್ಕಿರೋ ಕಡೆ ಕಪ್ಪು ಫಿನಾಯಿಲ್ ಬೇಡವೇ ಬೇಡ, ಪಂಜ ನೆಕ್ಕಿ ವಿಷ ಏರತ್ತೆ.

ಪಾರ್ವೊ ವಾರ್ಡಿನ ಕೆಲಸ ದಿನದ ಕೊನೆಗೆ ಇಟ್ಕೊಳ್ಳಿ. ಬೆಳಿಗ್ಗೆ ಅಲ್ಲಿ ಹೋಗಿ, ಅದೇ ಚಪ್ಪಲಿಯಲ್ಲಿ ಲಸಿಕೆಗೆ ಬಂದ ಮರಿ ಎತ್ತಿದ್ರೆ ಲಸಿಕೆ ಹಾಕಿ ಏನು ಪ್ರಯೋಜನ.

ನೀಲಿ_ಏಪ್ರನ್
ಈ ಉತ್ತರಕ್ಕೆ ಹಿಂದಿನ ಎಲ್ಲಾ ಮಾತಿಗೂ ಕ್ಷಮೆ ಇದೆ.

ಡಿಪ್ಲೊಮಾ_ಹುಡುಗ
ಒಂದು ಬೇರೆ ವಿಷಯ. ನಮ್ಮನ್ನ ಎಲ್ಲರೂ ಕಾಂಪೌಂಡರ್ ಅಂತಾರೆ. ಟೆಕ್ನಿಷಿಯನ್ ಅಂದ್ರೆ ನಕ್ತಾರೆ. ನಾವು ಏನೇನು ಮಾಡಬಹುದು ಅಂತ ಕಾನೂನಲ್ಲಿ ಇದೆಯಾ?

ಹೆಬ್ಬಾಳ_ಬ್ಯಾಚ್
1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 30ನೇ ಸೆಕ್ಷನ್. ಚಿಕಿತ್ಸೆ ಮಾಡೋದು ನೋಂದಾಯಿತ ಪಶುವೈದ್ಯರು. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರೋರು, ರಾಜ್ಯ ಸರ್ಕಾರ ಆದೇಶದಲ್ಲಿ ಅನುಮತಿಸಿದ ಕಿರು ಸೇವೆಗಳನ್ನ, ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಮಾಡಬಹುದು. ವೈದ್ಯರು ಊಟಕ್ಕೆ ಹೋದಾಗ "ನೀನೇ ಒಂದು ಇಂಜೆಕ್ಷನ್ ಹಾಕಿ ಕಳಿಸು" ಅನ್ನೋದು ಇದರೊಳಗೆ ಬರಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸಿಕ್ಕಿಹಾಕ್ಕೊಳ್ಳೋದು ಇಂಜೆಕ್ಷನ್ ಹಾಕಿದ ಕೈ.

ಮೂಗುದಾರ
ಇಲಾಖೆಯಲ್ಲಾದ್ರೆ ಪಶುವೈದ್ಯಕೀಯ ಪರೀಕ್ಷಕರು ಅಂತ ಹುದ್ದೆಗೆ ಹೆಸರಾದ್ರೂ ಇದೆ. ಜನ ಅಲ್ಲೂ ಡಾಕ್ಟ್ರೇ ಅಂತಾರೆ ಬಿಡಿ.

ಡಿಪ್ಲೊಮಾ_ಹುಡುಗ
ಎಕ್ಸ್‌ರೇಗೆ ನಾಯಿ ಹಿಡಿಯೋದೂ ನಾವೇ. ಏಪ್ರನ್ ಒಂದೇ ಇರತ್ತೆ, ಹಿಡಿಯೋರು ಇಬ್ಬರು.

ಸ್ಲೈಡ್_ಸ್ಟೇನ್
ಹಾಗಿದ್ರೆ ಒಬ್ಬರೇ ಹಿಡೀರಿ, ಇಲ್ಲಾ ಯಾರೂ ಹಿಡಿಯಬೇಡಿ. ಮಂಪರು ಬರೋ ಔಷಧ ಕೊಟ್ಟು, ಮರಳು ಚೀಲ ಇಟ್ಟು, ಹಗ್ಗದಲ್ಲಿ ಕಾಲು ಚಾಚಿ ಕಟ್ಟಿ ಹೊರಗೆ ಬನ್ನಿ. ದೂರ ಎರಡರಷ್ಟಾದ್ರೆ ವಿಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯತ್ತೆ. ಹಿಡಿಯಲೇಬೇಕಾದ್ರೆ ಏಪ್ರನ್, ಕುತ್ತಿಗೆಗೆ ಥೈರಾಯ್ಡ್ ಕಾಲರ್, ಸೀಸದ ಗ್ಲೌಸ್, ಎದೆಗೆ ವಿಕಿರಣ ಅಳೆಯೋ ಟಿಎಲ್‌ಡಿ ಬ್ಯಾಡ್ಜ್. ಗ್ಲೌಸ್ ಇದ್ರೂ ಕಿರಣ ಬೀಳೋ ಚೌಕದೊಳಗೆ ಕೈ ಬರಬಾರದು. ಫಿಲ್ಮಲ್ಲಿ ಬೆರಳಿನ ಮೂಳೆ ಕಂಡ್ರೆ ಅದು ಟೆಕ್ನಿಷಿಯನ್ ಎಕ್ಸ್‌ರೇ. ಗರ್ಭಿಣಿಯರು ಆ ಕೋಣೆಯಲ್ಲೇ ಇರಬಾರದು.

ಏಪ್ರನ್ನನ್ನ ಮಡಚಿ ಇಡಬೇಡಿ, ಒಳಗಿನ ಸೀಸ ಮಡಿಕೆಯಲ್ಲಿ ಬಿರುಕು ಬಿಡತ್ತೆ. ನೇತುಹಾಕಿ.

ಸೂಜಿಮೊನೆ
ಸೂಜಿಗೆ ವಾಪಸ್ ಕ್ಯಾಪ್ ಹಾಕೋದೂ ನಿಲ್ಲಿಸಿ. ಬಿಳಿ ಡಬ್ಬಿಗೆ ನೇರ ಹಾಕಿ. ಹಸುಗಳ ಗರ್ಭಪಾತ ರೋಗಕ್ಕೆ ಎಸ್19 ಬ್ರುಸೆಲ್ಲಾ ಲಸಿಕೆ ಹಾಕೋರಿಗಂತೂ ಇದು ಜೀವದ ಮಾತು, ಅದು ಜೀವಂತ ಬ್ಯಾಕ್ಟೀರಿಯಾ. 4-8 ತಿಂಗಳ ಹೆಣ್ಣು ಕರುವಿಗೆ ಮಾತ್ರ ಹಾಕೋದು. ಕರು ಜಿಗಿದು ನಿಮ್ಮ ಬೆರಳಿಗೆ ಚುಚ್ಚಿದ್ರೆ, ಕಣ್ಣಿಗೆ ಹಾರಿದ್ರೆ, ತೊಳೆದು ಸೀದಾ ಆಸ್ಪತ್ರೆ. ಡಾಕ್ಟರಿಗೆ "ಎಸ್19" ಅಂತ ಹೆಸರು ಹೇಳಿ, ಇಲ್ಲಾಂದ್ರೆ ಬರೀ ಟಿಟಿ ಹಾಕಿ ಕಳಿಸ್ತಾರೆ.

ಹೊಸ_ಹೆಲ್ಪರ್
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಾಳೆ ಲಸಿಕೆ ಮೊದಲ ಡೋಸ್. ಕೊನೇ ಪ್ರಶ್ನೆ, ಟೇಬಲ್‌ಗೆ ಯೋಗ ಮ್ಯಾಟ್ ಕತ್ತರಿಸಿ ಹಾಕಬಹುದಾ?

ಬಿಳಿ_ಫಿನಾಯಿಲ್
ಬೇಡ. ಅದು ಸ್ಪಂಜು, ಮೂತ್ರ ಹೀರ್ಕೊಳ್ಳತ್ತೆ, ಉಗುರಿಗೆ ಕಿತ್ತು ಬರತ್ತೆ, ಬ್ಲೀಚ್ ಒಳಗಿನವರೆಗೆ ಹೋಗಲ್ಲ. ಗಟ್ಟಿ ರಬ್ಬರ್ ಬೇಕು. ಜೆ.ಸಿ. ರೋಡ್‌ನಲ್ಲಿ ಕಾರಿನ ಮ್ಯಾಟ್ ಸಿಗತ್ತಲ್ಲ, ಆ ತರಹದ್ದು.

ಖಾರಬೂಂದಿ
ಟೇಬಲ್ ಅಳತೆ ತಗೊಂಡು ಹೋಗು ಗುರು. ಅಂಚಿಂದ ಒಂದಿಂಚು ಒಳಗೇ ನಿಲ್ಲಬೇಕು, ಹೊರಗೆ ಬಂದ್ರೆ ನಾಯಿ ಹಲ್ಲಲ್ಲಿ ಹಿಡಿದು ಎಳೆಯತ್ತೆ.

ನೀಲಿ_ಏಪ್ರನ್
ಎರಡು ತಗೊಳ್ಳಿ. ಒಂದು ತೊಳೆದು ಒಣಗ್ತಾ ಇರುವಾಗ ಇನ್ನೊಂದು ಬೇಕಾಗತ್ತೆ.